ಒಂಬತ್ತನೇ ಸರದಿ ಸಿಕ್ಕಿದೆ, ಯಾರನ್ನು ಆರಿಸಲಿ?

ಪ್ರಶ್ನೆ: ನಾನು ಹಾಸನದವನು, ಎರಡು ವರ್ಷದಿಂದ ಟೆಕ್ಸಸ್‌ನ ಪ್ಲೇನೋದಲ್ಲಿದ್ದೇನೆ. ನಮ್ಮ ಆಫೀಸಿನಲ್ಲಿ ಹನ್ನೆರಡು ತಂಡಗಳ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಇದೆ. ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತೇವೆ, ಅವರ ಆಟಕ್ಕೆ ತಕ್ಕಂತೆ ನಮಗೆ ಪಾಯಿಂಟ್. ಹೋದ ವರ್ಷ ಸೇರಿ ಕೊನೆಯ ಸ್ಥಾನಕ್ಕೆ ಬಂದೆ. ಮೊದಲ ಸುತ್ತಿನಲ್ಲಿ ಹೆಸರುವಾಸಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ತೆಗೆದುಕೊಂಡೆ, ಎಂಟನೇ ಸುತ್ತಿನಲ್ಲಿ ಕಿಕ್ಕರ್ (ಚೆಂಡು ಒದೆಯುವವನು). ಆಮೇಲೆ ಪ್ರತಿ ವಾರವೂ ಹಿಂದಿನ ವಾರ ಜಾಸ್ತಿ ಪಾಯಿಂಟ್ ತಂದವರನ್ನೇ ಇಳಿಸಿದೆ. ಆದರೂ ನಾನು ಕೂರಿಸಿದವರೇ ಮಿಂಚುತ್ತಿದ್ದರು. ಈ ಸಲ ಡ್ರಾಫ್ಟ್‌ನಲ್ಲಿ (ಸರದಿಯಂತೆ ಆಟಗಾರರನ್ನು ಆರಿಸುವುದು) ನನ್ನದು ಒಂಬತ್ತನೇ ಸರದಿ, ಪೂರ್ತಿ ಪಿಪಿಆರ್ ಲೆಕ್ಕ, ಹದಿನಾರು ಸುತ್ತು. ಡಿಸೆಂಬರ್‌ನಲ್ಲಿ ತಂಗಿಯ ಮದುವೆಗೆ ಊರಿಗೂ ಹೋಗಬೇಕು. ತಂಡ ಕಟ್ಟುವುದು ಹೇಗೆ, ವಾರವಾರ ಇಳಿಸುವುದು ಹೇಗೆ?

ಉತ್ತರ: ಡ್ರಾಫ್ಟ್‌ನಲ್ಲಿ ಆದ ತಪ್ಪು, ವಾರವಾರ ಆದ ತಪ್ಪು ಎಂದು ನೀವು ಎರಡಾಗಿ ಬರೆದಿದ್ದೀರಿ. ನನಗೆ ಎರಡರ ಬೇರೂ ಒಂದೇ ಕಡೆ ಕಾಣುತ್ತದೆ. ನೀವು ನೋಡುತ್ತಿರುವುದು ಹೆಸರನ್ನು ಮತ್ತು ಬಂದುಹೋದ ಪಾಯಿಂಟನ್ನು. ನೋಡಬೇಕಾದದ್ದು ಒಬ್ಬ ಆಟಗಾರನ ಕೈಗೆ ಚೆಂಡು ಎಷ್ಟು ಸಲ ಬರುತ್ತದೆ ಎಂಬುದನ್ನು. ಕ್ರಿಕೆಟ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿ20ಯಲ್ಲಿ ಓಪನರ್ ಮುಂದೆ 120 ಎಸೆತಗಳಿರುತ್ತವೆ, ಏಳನೇ ಕ್ರಮಾಂಕದವನಿಗೆ ಹತ್ತು ಸಿಕ್ಕರೆ ಪುಣ್ಯ. ಆ ಏಳನೆಯವನು ನಿನ್ನೆ ನಾಲ್ಕು ಸಿಕ್ಸರ್ ಹೊಡೆದಿರಬಹುದು. ನಾಳೆಯೂ ರನ್ ಬರಬೇಕೆಂದರೆ ನಾನು ಓಪನರ್ ಮೇಲೆಯೇ ನಂಬಿಕೆ ಇಡುತ್ತೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಬಂದವರು ಬಹಳ ಮಂದಿ ಇಲ್ಲೇ ಎಡವುತ್ತಾರೆ. ಊರಲ್ಲಿ ಕ್ರಿಕೆಟ್ ಫ್ಯಾಂಟಸಿ ಆಡಿದ ಅಭ್ಯಾಸವಿದ್ದರೆ ಅದನ್ನು ಪಕ್ಕಕ್ಕಿಡಿ. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ, ಒಬ್ಬನೇ ಆಟಗಾರ ಲಕ್ಷ ಜನರ ತಂಡದಲ್ಲಿರಬಹುದು. ಇಲ್ಲಿ ನೀವು ಆರಿಸಿದ ಆಟಗಾರ ನಿಮ್ಮ ಲೀಗ್‌ನಲ್ಲಿ ನಿಮಗೊಬ್ಬರಿಗೇ ಸೇರಿದವನು, ಅದೂ ಇಡೀ ಸೀಸನ್‌ಗೆ. ಹಾಗಾಗಿ ಇದು ಐಪಿಎಲ್ ಹರಾಜಿಗೆ ಹತ್ತಿರ. ಹರಾಜಿನಲ್ಲಿ ಜಾಣ ಫ್ರಾಂಚೈಸಿ ಕೇಳಿಕೊಳ್ಳುವ ಪ್ರಶ್ನೆಯನ್ನೇ ನೀವೂ ಕೇಳಿಕೊಳ್ಳಬೇಕು: ಇವನನ್ನು ಈಗ ಬಿಟ್ಟರೆ, ಇವನಂಥವನು ಆಮೇಲೆ ಸಿಗುತ್ತಾನೆಯೇ?

ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಬರೋಣ. ಹೆಚ್ಚಿನ ಲೀಗ್‌ಗಳಲ್ಲಿ ಎಸೆದ ಪ್ರತಿ 25 ಯಾರ್ಡ್‌ಗೆ 1 ಪಾಯಿಂಟ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಪಾಸ್‌ಗೆ 4. ಓಡಿದ ಅಥವಾ ಹಿಡಿದು ಸಾಗಿದ ಪ್ರತಿ 10 ಯಾರ್ಡ್‌ಗೆ 1, ಅಂಥ ಟಚ್‌ಡೌನ್‌ಗೆ 6. ಪೂರ್ತಿ ಪಿಪಿಆರ್ ಎಂದರೆ ಹಿಡಿದ ಪ್ರತಿ ಪಾಸ್‌ಗೂ ಮತ್ತೊಂದು ಪಾಯಿಂಟ್. ಸೀಸನ್ ಮುಗಿದಾಗ ಒಟ್ಟು ಪಾಯಿಂಟ್ ಪಟ್ಟಿಯ ಮೇಲ್ತುದಿಯಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೇ ತುಂಬಿರುತ್ತಾರೆ, ನೀವು ಮರುಳಾದದ್ದು ಅದಕ್ಕೇ. ಆದರೆ ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ, ಪ್ರತಿ ತಂಡಕ್ಕೂ ಒಬ್ಬ ಕ್ವಾರ್ಟರ್‌ಬ್ಯಾಕ್ ಇರಲೇಬೇಕು. ನಿಮ್ಮ ಲೀಗ್‌ನಲ್ಲಿ ವಾರಕ್ಕೆ ಬೇಕಾಗುವುದು ಹನ್ನೆರಡೇ. ಇಪ್ಪತ್ತು ಜನ ಉಳಿಯುತ್ತಾರೆ. ರನ್ನಿಂಗ್ ಬ್ಯಾಕ್‌ಗಳನ್ನು, ಅಂದರೆ ಚೆಂಡು ಹಿಡಿದು ಓಡುವವರನ್ನು ನೋಡಿ: ತಂಡಕ್ಕೆ ಇಬ್ಬರಂತೆ 24, ಫ್ಲೆಕ್ಸ್‌ನಲ್ಲಿ (ಓಡುವವನು, ಪಾಸ್ ಹಿಡಿಯುವವನು ಯಾರನ್ನಾದರೂ ಇಡಬಹುದಾದ ಜಾಗ) ಇಳಿಸುವವರು ಬೇರೆ. ಇತ್ತ ಈಚೆಗೆ ಬಹಳ ತಂಡಗಳು ಓಟದ ಕೆಲಸವನ್ನು ಇಬ್ಬರು ಮೂವರಿಗೆ ಹಂಚುವುದರಿಂದ, ಕೆಲಸವನ್ನೆಲ್ಲ ಒಬ್ಬನೇ ಹೊರುವ ಬ್ಯಾಕ್‌ಗಳು ಬೆರಳೆಣಿಕೆಯಷ್ಟೇ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ವಾರಕ್ಕೆ 23 ತರುತ್ತಾನೆ, ಹನ್ನೆರಡನೆಯವನು 17. ಅತ್ಯುತ್ತಮ ರನ್ನಿಂಗ್ ಬ್ಯಾಕ್ 21 ತರುತ್ತಾನೆ, ಇಪ್ಪತ್ತನಾಲ್ಕನೆಯವನು 11. 23 ದೊಡ್ಡ ಸಂಖ್ಯೆ, ನಿಜ. ಆದರೆ ಎದುರಾಳಿಯ ಮೇಲೆ ನಿಮಗೆ ಸಿಗುವ ಮುನ್ನಡೆ ಒಂದು ಕಡೆ 6, ಇನ್ನೊಂದು ಕಡೆ 10. ನೀವು ಡ್ರಾಫ್ಟ್‌ನಲ್ಲಿ ಕೊಳ್ಳುತ್ತಿರುವುದು ಆ ಅಂತರವನ್ನು. ತಡವಾಗಿ ಸಿಗುವ ಕ್ವಾರ್ಟರ್‌ಬ್ಯಾಕ್‌ಗಳು ಕಳಪೆಯೆಂದೂ ಭಾವಿಸಬೇಡಿ. 2018ರಲ್ಲಿ 50 ಟಚ್‌ಡೌನ್ ಪಾಸ್ ಎಸೆದ ಪ್ಯಾಟ್ರಿಕ್ ಮಹೋಮ್ಸ್, 2019ರಲ್ಲಿ 36 ಟಚ್‌ಡೌನ್ ಪಾಸ್ ಜೊತೆಗೆ 1,206 ಯಾರ್ಡ್ ಓಡಿದ ಲಮಾರ್ ಜಾಕ್ಸನ್, 2024ರಲ್ಲಿ 41 ಟಚ್‌ಡೌನ್ ಪಾಸ್ ಎಸೆದ ಬೇಕರ್ ಮೇಫೀಲ್ಡ್, ಈ ಮೂವರನ್ನೂ ಆಯಾ ವರ್ಷ ಜನ ಆರಿಸಿದ್ದು ಡ್ರಾಫ್ಟ್ ಬಹಳ ದೂರ ಸಾಗಿದ ಮೇಲೆಯೇ. ಇಬ್ಬರು ಸಮಾನರಾಗಿ ಕಂಡರೆ ತಾನೂ ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಳ್ಳಿ. ಮೇಲಿನ ಪಾಯಿಂಟ್ ಲೆಕ್ಕ ಮತ್ತೊಮ್ಮೆ ನೋಡಿ, ಅವನು ಓಡಿದ 50 ಯಾರ್ಡ್ ಎಸೆದ 125 ಯಾರ್ಡ್‌ಗೆ ಸಮ.

ಈ ತಪ್ಪು ನಿಮ್ಮೊಬ್ಬರದಲ್ಲ, ಈ ಆಟದಷ್ಟೇ ಹಳೆಯದು. ಫ್ಯಾಂಟಸಿ ಫುಟ್‌ಬಾಲ್ ಕಲ್ಪನೆ ಹುಟ್ಟಿದ್ದು 1962ರಲ್ಲಿ, ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾದ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ನ್ಯೂಯಾರ್ಕ್ ಹೋಟೆಲಿನಲ್ಲಿ ಕೂತಿದ್ದಾಗ. ಮರುವರ್ಷ ಓಕ್ಲೆಂಡಿನಲ್ಲಿ ಎಂಟು ತಂಡಗಳ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆರಿಸಿದ್ದು ಜಾರ್ಜ್ ಬ್ಲಾಂಡಾನನ್ನು, ಕ್ವಾರ್ಟರ್‌ಬ್ಯಾಕ್ ಹಾಗೂ ಕಿಕ್ಕರ್. ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಅವನ ನಂತರ ಹೋದ. ಆ 1963ರ ಸೀಸನ್‌ನಲ್ಲಿ ಬ್ರೌನ್ ಓಡಿದ್ದು 1,863 ಯಾರ್ಡ್.

ಈಗ ನಿಮ್ಮ ಒಂಬತ್ತನೇ ಸರದಿ. ಡ್ರಾಫ್ಟ್ ಹಾವಿನಂತೆ ಸುತ್ತಿಕೊಂಡು ಬರುತ್ತದೆ, ಒಂದು ಸುತ್ತು ಒಂದರಿಂದ ಹನ್ನೆರಡಕ್ಕೆ, ಮುಂದಿನದು ಹನ್ನೆರಡರಿಂದ ಒಂದಕ್ಕೆ. ಅಂದರೆ ನಿಮ್ಮ ಆಯ್ಕೆಗಳು 9, 16, 33, 40, 57, 64 ಹೀಗೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. 9 ಮತ್ತು 16ರ ನಡುವೆ ಹೋಗುವುದು ಆರೇ ಜನ. 16 ಮತ್ತು 33ರ ನಡುವೆ ಹದಿನಾರು ಜನ. ಈ ಅಸಮ ಅಂತರವೇ ನಿಮ್ಮ ಯೋಜನೆಯ ತಳಪಾಯ. ಚಿಕ್ಕ ಅಂತರಕ್ಕೆ ಮುಂಚೆ ಧೈರ್ಯವಾಗಿ ಕಾಯಬಹುದು, ಮನಸ್ಸಿನಲ್ಲಿರುವ ಇಬ್ಬರಲ್ಲಿ ಒಬ್ಬ ಮರಳಿ ಸಿಗುವ ಸಾಧ್ಯತೆ ಚೆನ್ನಾಗಿದೆ. ನಿಮ್ಮ ನಂತರ ಆರಿಸುವವರು ಮೂರೇ ತಂಡ. ಅವರು ಈಗಾಗಲೇ ಯಾವ ಜಾಗ ತುಂಬಿಸಿಕೊಂಡಿದ್ದಾರೆ ನೋಡಿ. ಮೂವರ ಬಳಿಯೂ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ ಜೊತೆಗೆ ಪಾಸನ್ನೂ ಹಿಡಿಯುವವನು) ಇದ್ದರೆ ನಿಮ್ಮ ಟೈಟ್ ಎಂಡ್ ಬಹುಮಟ್ಟಿಗೆ ಭದ್ರ, ಮೊದಲು ಬೇರೆಯವನನ್ನು ಎತ್ತಿಕೊಳ್ಳಿ. ದೊಡ್ಡ ಅಂತರಕ್ಕೆ ಮುಂಚೆ ಮಾತ್ರ "ಆಮೇಲೆ ನೋಡೋಣ" ಎನ್ನಬೇಡಿ. ಬೇಕಾದವನು ಅಷ್ಟರಲ್ಲಿ ಹೋಗಿರುತ್ತಾನೆ.

ಇದಕ್ಕೆ ಅಂಕಿಪಟ್ಟಿಗಿಂತ ಗುಂಪುಗಳ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಆರನೇ ಮತ್ತು ಒಂಬತ್ತನೇ ರಿಸೀವರ್‌ಗೆ (ಪಾಸ್ ಹಿಡಿಯುವವನು) ನಿಜವಾದ ವ್ಯತ್ಯಾಸ ನಿಮಗೆ ಕಾಣದಿದ್ದರೆ ನಾಲ್ವರನ್ನೂ ಒಂದೇ ಗುಂಪಿಗೆ ಹಾಕಿ, ಕೆಳಗೆ ಗೆರೆ ಎಳೆಯಿರಿ. ನಿಮ್ಮ ಸರದಿ ಬಂದಾಗ ಗುಂಪಿನಲ್ಲಿ ಮೂವರು ಉಳಿದಿದ್ದರೆ ಕಾಯಿರಿ, ಒಬ್ಬನೇ ಉಳಿದಿದ್ದರೆ ತೆಗೆದುಕೊಳ್ಳಿ. ಒಂದೊಂದು ಸಲ ನಾಲ್ಕೈದು ಜನ ಒಬ್ಬರ ಹಿಂದೊಬ್ಬರು ಟೈಟ್ ಎಂಡ್‌ಗಳನ್ನೇ ಎತ್ತಲು ಶುರುಮಾಡುತ್ತಾರೆ. ಆಗ ಕೈ ತಡೆಯುವುದು ಕಷ್ಟ. ನಿಮ್ಮ ಗೆರೆಯ ಮೇಲಿನ ಗುಂಪು ಖಾಲಿಯಾಗಿದ್ದರೆ ಆ ನೂಕುನುಗ್ಗಲಿಗೆ ಸೇರಬೇಡಿ, ಅವರು ಬಿಟ್ಟುಹೋಗುತ್ತಿರುವ ರಿಸೀವರ್‌ಗಳ ಕಡೆ ಕೈ ಚಾಚಿ.

ಮೊದಲ ಎರಡು ಆಯ್ಕೆಗೆ ನನ್ನ ಸಲಹೆ ಒಬ್ಬ ರಿಸೀವರ್, ಒಬ್ಬ ರನ್ನಿಂಗ್ ಬ್ಯಾಕ್. ಪೂರ್ತಿ ಪಿಪಿಆರ್ ಆದ್ದರಿಂದ ರಿಸೀವರ್ ಮೊದಲು ಬಂದರೆ ನನಗೆ ಇನ್ನೂ ಸಮಾಧಾನ. 2024ರಲ್ಲಿ ಜಮಾರ್ ಚೇಸ್ 127 ಪಾಸ್ ಹಿಡಿದ, ಹಿಡಿದದ್ದಕ್ಕೇ 127 ಪಾಯಿಂಟ್, 1,708 ಯಾರ್ಡ್ ಮತ್ತು 17 ಟಚ್‌ಡೌನ್ ಅದರ ಮೇಲೆ. ರನ್ನಿಂಗ್ ಬ್ಯಾಕ್‌ಗಳ ಮೈಮೇಲೆ ಪೆಟ್ಟು ಹೆಚ್ಚು ಬೀಳುತ್ತದೆ. 2023ರಲ್ಲಿ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಓಟ, ಹಿಡಿತ ಸೇರಿ 2,023 ಯಾರ್ಡ್ ಸಾಗಿದ. ಮರುವರ್ಷ ಬಹುಪಾಲು ಲೀಗ್‌ಗಳಲ್ಲಿ ಮೊದಲ ಆಯ್ಕೆ ಅವನೇ, ಆಡಿದ್ದು ನಾಲ್ಕು ಪಂದ್ಯ. ರಿಸೀವರ್‌ಗಳಿಗೆ ಗಾಯವೇ ಆಗದೆಂದಲ್ಲ. 2023ರ ಮೊದಲ ಆಯ್ಕೆಯಾಗಿ ಬಹಳ ಕಡೆ ಹೋಗಿದ್ದ ಜಸ್ಟಿನ್ ಜೆಫರ್ಸನ್ ತೊಡೆಯ ಸ್ನಾಯು ಎಳೆದು ಏಳು ಪಂದ್ಯ ಹೊರಗುಳಿದ. ಮೊದಲ ಸುತ್ತಿನವನು ಕೈಕೊಟ್ಟರೂ ತಂಡ ಬದುಕಬೇಕು ಎಂಬ ಲೆಕ್ಕ ಇಟ್ಟುಕೊಂಡೇ ಐದನೇ ಸುತ್ತಿನಿಂದ ಹನ್ನೆರಡನೆಯವರೆಗೆ ರಿಸೀವರ್ ಮತ್ತು ಬ್ಯಾಕ್‌ಗಳನ್ನು ಪೇರಿಸಿಕೊಳ್ಳಿ. ಎರಡನೇ ಕ್ವಾರ್ಟರ್‌ಬ್ಯಾಕ್, ಎರಡನೇ ಟೈಟ್ ಎಂಡ್‌ಗೆ ಬೆಂಚಿನ ಜಾಗ ಕೊಡಬೇಡಿ.

ಕಿಕ್ಕರ್ ಹದಿನಾರನೇ ಸುತ್ತು, ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ) ಹದಿನೈದನೆಯದು. ಡಿಫೆನ್ಸ್ ಅನ್ನು ಎದುರಾಳಿ ನೋಡಿ ವಾರವಾರ ಬದಲಿಸುತ್ತೀರಿ, ಮೊದಲ ಎರಡು ವಾರ ಯಾರ ವಿರುದ್ಧ ಆಡುತ್ತಾರೆಂದು ನೋಡಿಕೊಂಡರೆ ಸಾಕು. ಬೈ ವೀಕ್‌ಗಳ (ತಂಡಕ್ಕೆ ಪಂದ್ಯವಿಲ್ಲದ ವಾರ) ಬಗ್ಗೆಯೂ ಡ್ರಾಫ್ಟ್ ದಿನ ತಲೆ ಕೆಡಿಸಿಕೊಳ್ಳಬೇಡಿ. ಅಕ್ಟೋಬರ್ ಹೊತ್ತಿಗೆ ನಿಮ್ಮ ಬೆಂಚಿನ ಅರ್ಧ ಜನ ಬೇರೆಯವರಾಗಿರುತ್ತಾರೆ.

ಕೊನೆಯ ಸುತ್ತುಗಳಲ್ಲಿ ಆರಿಸಬೇಕಾದದ್ದು ಬಾಗಿಲ ಬಳಿ ನಿಂತವರನ್ನು. ಮುಂದಿನವನು ಬಿದ್ದರೆ ಇಡೀ ಕೆಲಸ ಯಾರ ಹೆಗಲಿಗೆ ಬರುತ್ತದೋ ಅಂಥ ರನ್ನಿಂಗ್ ಬ್ಯಾಕ್, ಸ್ಥಾನ ಖಾಲಿಯಿರುವ ತಂಡಕ್ಕೆ ಹೊಸದಾಗಿ ಬಂದ ರಿಸೀವರ್. ಪ್ರತಿ ವಾರ ಆರೇಳು ಪಾಯಿಂಟ್ ತರುವ ಹಳೆಯ ಹೆಸರಿಗಿಂತ ಇವರು ಮೇಲು. 2023ರ ಪೂಕಾ ನಕೂವಾನನ್ನು ನಾನು ಮರೆಯಲಾರೆ. ಎನ್‌ಎಫ್‌ಎಲ್ ತಂಡಗಳೇ ನಡೆಸುವ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ, 177ನೇ ಆಯ್ಕೆಯಾಗಿ ಲಾಸ್ ಏಂಜಲೀಸ್ ರಾಮ್ಸ್ ಸೇರಿದ ಹುಡುಗ. ಆ ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಗೊಂಡು ಹೊರಗಿದ್ದ. ಮೊದಲ ಪಂದ್ಯದಲ್ಲಿ ನಕೂವಾ ಕಡೆಗೆ 15 ಪಾಸ್ ಎಸೆದರು, ಎರಡನೆಯದರಲ್ಲಿ 20. ಆ ಎರಡೂ ಪಂದ್ಯಗಳಲ್ಲಿ ಅವನಿಗೆ ಒಂದೂ ಟಚ್‌ಡೌನ್ ಇಲ್ಲ. ಇದು ಹೇಗೂ ಉಳಿಯುವುದಿಲ್ಲ ಎಂದು ಎಷ್ಟೋ ಜನ ಕೈಬಿಟ್ಟರು. ಎಸೆತದ ಎಣಿಕೆ ನೋಡಿದವರು ಎತ್ತಿಕೊಂಡರು. ಅವನು ಆ ಸೀಸನ್ ಮುಗಿಸಿದ್ದು 105 ಹಿಡಿತ, 1,486 ಯಾರ್ಡ್‌ಗಳೊಂದಿಗೆ, ಹೊಸಬರಲ್ಲಿ ದಾಖಲೆ.

ತಯಾರಿ ಬಗ್ಗೆ ಒಂದು ಮಾತು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರೆ ಆಗುವುದಿಲ್ಲ. ಡ್ರಾಫ್ಟ್‌ಗೆ ಮುಂಚಿನ ವಾರ ಒಂಬತ್ತನೇ ಸರದಿ ಆರಿಸಿಕೊಂಡು ಐದಾರು ಅಣಕು ಡ್ರಾಫ್ಟ್ ಆಡಿ, ಆ್ಯಪ್‌ಗಳಲ್ಲೇ ಉಚಿತವಾಗಿ ಸಿಗುತ್ತದೆ. ನಿಮ್ಮ 33ನೇ ಆಯ್ಕೆಯ ಹೊತ್ತಿಗೆ ಯಾರು ಉಳಿಯುತ್ತಾರೆಂಬ ಅಂದಾಜು ಕೈಗೆ ಹತ್ತುತ್ತದೆ. ಸಾಧ್ಯವಾದರೆ ನಿಮ್ಮ ಲೀಗ್‌ನ ಡ್ರಾಫ್ಟ್ ಆಗಸ್ಟ್ ಕೊನೆಗೆ, ಪೂರ್ವಭಾವಿ ಪಂದ್ಯಗಳು ಮುಗಿದ ಮೇಲೆ ಇಟ್ಟುಕೊಳ್ಳುವಂತೆ ಕೇಳಿ. ಮುಂಚೆಯೇ ಮುಗಿಸಿದರೆ ಅಭ್ಯಾಸದಲ್ಲಾದ ಗಾಯಗಳು ನಿಮ್ಮ ತಲೆಗೆ ಬರುತ್ತವೆ. ಈ ವರ್ಷದ ಹೆಸರುಗಳನ್ನು ನಾನು ಇಲ್ಲಿ ಬರೆಯದಿರುವುದೂ ಅದಕ್ಕೇ.

ಇನ್ನು ವಾರದ ತಂಡ. ನಿಮ್ಮ ಬೆಂಚು ಏಕೆ ಮಿಂಚುತ್ತಿತ್ತು ಎಂಬುದಕ್ಕೆ ಉತ್ತರ ಈಗ ನಿಮಗೇ ಹೊಳೆದಿರಬೇಕು. ಎರಡೇ ಪಾಸ್ ಹಿಡಿದು, 30 ಯಾರ್ಡ್ ಸಾಗಿ, ಎರಡೂ ಟಚ್‌ಡೌನ್ ಆದವನಿಗೆ 17 ಪಾಯಿಂಟ್. ಹನ್ನೊಂದು ಪಾಸ್ ತನ್ನ ಕಡೆಗೆ ಬಂದು, ಆರು ಹಿಡಿದು, 60 ಯಾರ್ಡ್ ಸಾಗಿದವನಿಗೆ 12. ನೀವು ಮೊದಲನೆಯವನನ್ನು ಇಳಿಸುತ್ತಿದ್ದಿರಿ. ಮುಂದಿನ ವಾರಕ್ಕೆ ನಾನು ಕಣ್ಣುಮುಚ್ಚಿ ಎರಡನೆಯವನನ್ನು ಇಳಿಸುತ್ತೇನೆ. ಟಚ್‌ಡೌನ್ ಬಂದು ಹೋಗುತ್ತದೆ, ಹನ್ನೊಂದು ಎಸೆತ ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಇವನ ಮೇಲಿರುವ ಭರವಸೆ. ಸೋಮವಾರ ರಾತ್ರಿ ಮುಗಿದ ಮೇಲೆ ಪ್ರತಿ ಆಟಗಾರನ ಎದುರು ಮೂರು ಸಂಖ್ಯೆ ಬರೆಯಿರಿ: ತಂಡದ ಆಟಗಳಲ್ಲಿ ಎಷ್ಟಕ್ಕೆ ಮೈದಾನದಲ್ಲಿದ್ದ, ಎಷ್ಟು ಸಲ ಓಡಿದ, ಅವನ ಕಡೆಗೆ ಎಷ್ಟು ಪಾಸ್ ಬಂತು. ನಾಲ್ಕು ವಾರ ಹೀಗೆ ಬರೆದರೆ ಆ್ಯಪ್ ತೋರಿಸುವ ಅಂದಾಜು ಪಾಯಿಂಟ್‌ಗಿಂತ ನಿಮ್ಮ ಚೀಟಿಯೇ ನಂಬಿಕೆಗೆ ಯೋಗ್ಯವಾಗುತ್ತದೆ. ಮೊದಲ ಎರಡು ಸುತ್ತಿನವರನ್ನು ಎದುರಾಳಿ ಡಿಫೆನ್ಸ್ ಗಟ್ಟಿ ಎಂಬ ಕಾರಣಕ್ಕೆ ಕೂರಿಸಬೇಡಿ. ಎದುರಾಳಿಯ ಲೆಕ್ಕ ಫ್ಲೆಕ್ಸ್‌ಗೆ, ಡಿಫೆನ್ಸ್‌ಗೆ ಸಾಕು. ಹವಾಮಾನದಲ್ಲಿ ಮಳೆಗೂ ಹಿಮಕ್ಕೂ ಹೆದರುವುದಕ್ಕಿಂತ ಜೋರು ಗಾಳಿಗೆ ಹೆದರಿ, ಉದ್ದ ಪಾಸ್‌ಗಳನ್ನೂ ದೂರದ ಕಿಕ್‌ಗಳನ್ನೂ ಕೆಡಿಸುವುದು ಅದೇ.

ಫ್ಲೆಕ್ಸ್ ಜಾಗದ ಬಗ್ಗೆ ಹೇಳುವುದನ್ನು ದಯವಿಟ್ಟು ಗೋಡೆಗೆ ಅಂಟಿಸಿಕೊಳ್ಳಿ. ಒಬ್ಬ ಆಟಗಾರನ ಜಾಗ ಬೀಗ ಬೀಳುವುದು ಅವನ ಪಂದ್ಯ ಶುರುವಾದಾಗ. ಗುರುವಾರ ರಾತ್ರಿ ಆಡುವ ರಿಸೀವರ್‌ನನ್ನು ಫ್ಲೆಕ್ಸ್‌ನಲ್ಲಿಟ್ಟರೆ ಆ ಜಾಗ ಗುರುವಾರವೇ ಮುಗಿಯಿತು. ಭಾನುವಾರ ನಿಮ್ಮ ಇನ್ನೊಬ್ಬ ರಿಸೀವರ್‌ಗೆ ಕಾಲು ನೋವು ಬಂದರೆ ಅವನ ಬದಲಿಗೆ ರಿಸೀವರ್‌ನೇ ಬೇಕು, ಬೆಂಚಿನಲ್ಲಿರುವ ಒಳ್ಳೆಯ ರನ್ನಿಂಗ್ ಬ್ಯಾಕ್ ಉಪಯೋಗಕ್ಕಿಲ್ಲ. ಅದೇ ಗುರುವಾರದವನನ್ನು ರಿಸೀವರ್ ಜಾಗದಲ್ಲಿಟ್ಟಿದ್ದರೆ ಫ್ಲೆಕ್ಸ್ ತೆರೆದೇ ಇರುತ್ತಿತ್ತು, ಬ್ಯಾಕ್, ರಿಸೀವರ್, ಟೈಟ್ ಎಂಡ್ ಯಾರನ್ನಾದರೂ ತುಂಬಬಹುದಿತ್ತು. ಮೊದಲು ಆಡುವವನು ತನ್ನ ಜಾಗಕ್ಕೆ, ಕೊನೆಗೆ ಆಡುವವನು ಫ್ಲೆಕ್ಸ್‌ಗೆ. ಖರ್ಚಿಲ್ಲದ ಕೆಲಸ, ಆದರೂ ಪ್ರತಿ ಲೀಗ್‌ನಲ್ಲೂ ಅರ್ಧ ಜನ ಮಾಡುವುದಿಲ್ಲ.

ಗಾಯದ ವರದಿ ಬುಧವಾರದಿಂದ ಶುಕ್ರವಾರದವರೆಗೆ ಬರುತ್ತದೆ. ಆಡದವರ ಅಂತಿಮ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ. ನಿಮ್ಮಲ್ಲಿ ಭಾನುವಾರದ ಮೊದಲ ಪಂದ್ಯಗಳು ಮಧ್ಯಾಹ್ನ ಹನ್ನೆರಡಕ್ಕೆ, ಹಾಗಾಗಿ ಹತ್ತೂವರೆಗೆ ಫೋನ್ ನೋಡಿ. 2024ರ ಸೆಪ್ಟೆಂಬರ್ 9ರ ಸೋಮವಾರ ನನಗೆ ಇದನ್ನು ಚೆನ್ನಾಗಿ ಕಲಿಸಿತು. ಮೆಕ್‌ಕ್ಯಾಫ್ರಿ ಅನುಮಾನದ ಪಟ್ಟಿಯಲ್ಲಿದ್ದ, ಆದರೂ ಆಡುತ್ತಾನೆಂದೇ ನಂಬಿ ಭಾನುವಾರ ಬೆಂಚಿನವರನ್ನೆಲ್ಲ ಆಡದೆ ಮುಗಿಯಲು ಬಿಟ್ಟೆ. ಸಂಜೆ ಅಂತಿಮ ಪಟ್ಟಿ ಬಂದಾಗ ಅವನು ಇಲ್ಲ. ನಾನು ರೈಲಿನಲ್ಲಿದ್ದೆ. ಮನೆ ಸೇರಿ ನೋಡುವಷ್ಟರಲ್ಲಿ ಅವನ ಬದಲಿಗೆ ಇಳಿಯಲಿದ್ದ ಜೋರ್ಡನ್ ಮೇಸನ್‌ನನ್ನು ಲೀಗ್‌ನ ಇನ್ನೊಬ್ಬರು ಎತ್ತಿಕೊಂಡಿದ್ದರು. ಆ ರಾತ್ರಿ ಮೇಸನ್ 28 ಸಲ ಓಡಿ 147 ಯಾರ್ಡ್ ಮತ್ತು ಒಂದು ಟಚ್‌ಡೌನ್ ತಂದ. ಅನುಮಾನವಿರುವವನ ಪಂದ್ಯ ಭಾನುವಾರ ರಾತ್ರಿ ಅಥವಾ ಸೋಮವಾರ ಇದ್ದರೆ, ಅದೇ ಪಂದ್ಯದ ಅಥವಾ ಅದಕ್ಕಿಂತ ತಡವಾದ ಪಂದ್ಯದ ಒಬ್ಬನನ್ನು ಮೊದಲೇ ಬೆಂಚಿನಲ್ಲಿಟ್ಟುಕೊಳ್ಳಿ.

ಮಂಗಳವಾರ ರಾತ್ರಿ ವೇವರ್, ಅಂದರೆ ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಕೇಳಿ ಪಡೆಯುವ ಹೊತ್ತು. ನಿಮ್ಮ ಲೀಗ್‌ನಲ್ಲಿ 100 ಡಾಲರ್ ಬಜೆಟ್ ಕೊಡುವ ಪದ್ಧತಿ ಇದ್ದರೆ, ಅದು ಆಟದ ದುಡ್ಡಷ್ಟೇ, ಮೊದಲ ಮೂರು ನಾಲ್ಕು ವಾರಗಳಲ್ಲೇ ಧಾರಾಳವಾಗಿ ಬಳಸಿ. ಎರಡನೇ ವಾರ ಸಿಕ್ಕ ಆಟಗಾರ ಹದಿನೈದು ವಾರ ದುಡಿಯುತ್ತಾನೆ, ಹನ್ನೆರಡನೇ ವಾರ ಸಿಕ್ಕವನು ಐದೇ. ಜಿಪುಣತನದಿಂದ ನವೆಂಬರ್‌ಗೆ ಉಳಿಸಿಟ್ಟ 60 ಡಾಲರ್ ಯಾವ ಕಪ್ಪನ್ನೂ ತಂದುಕೊಡುವುದಿಲ್ಲ.

ಇವೆಲ್ಲ ಲೆಕ್ಕದ ನಡುವೆ ಒಂದು ರಾತ್ರಿಯ ನೆನಪು ನನ್ನಿಂದ ಹೋಗುವುದಿಲ್ಲ. 2023ರ ಜನವರಿ 2, ಸಿನ್ಸಿನಾಟಿಯಲ್ಲಿ ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಹೃದಯ ನಿಂತು ಮೈದಾನದಲ್ಲಿ ಕುಸಿದ. ಅದು ಎಷ್ಟೋ ಲೀಗ್‌ಗಳ ಫೈನಲ್ ವಾರ. ನನ್ನ ಎದುರಾಳಿಗೆ ಆ ಪಂದ್ಯದಲ್ಲಿ ಇಬ್ಬರು ಆಟಗಾರರಿದ್ದರು. ಪಂದ್ಯ ನಿಂತಿತು, ಆಮೇಲೆ ರದ್ದಾಯಿತು. ನಾವಿಬ್ಬರೂ ಮಾತಾಡಿಕೊಂಡು ಕಪ್ ಹಂಚಿಕೊಂಡೆವು. ಹ್ಯಾಮ್ಲಿನ್ ಚೇತರಿಸಿಕೊಂಡು ಮತ್ತೆ ಆಡಿದ, ಅದೇ ದೊಡ್ಡದು. ಲೀಗ್ ಶುರುವಾಗುವ ಮುನ್ನವೇ ಪಂದ್ಯ ರದ್ದಾದರೆ ಏನು ಮಾಡಬೇಕೆಂದು ನಿಮ್ಮವರೊಂದಿಗೆ ಬರೆದಿಟ್ಟುಕೊಳ್ಳಿ. ಆಟಗಾರ ಗಾಯಗೊಂಡಾಗ ಅವನಿಗೇ ಬೈದು ಸಂದೇಶ ಕಳಿಸುವವರಿದ್ದಾರೆ. ನೀವು ಆ ಸಾಲಿಗೆ ಸೇರುವುದಿಲ್ಲವೆಂದು ನಂಬಿದ್ದೇನೆ.

ಕೊನೆಗೆ ಮದುವೆ. ಸಾಮಾನ್ಯವಾಗಿ ಫ್ಯಾಂಟಸಿ ಪ್ಲೇಆಫ್ 15, 16, 17ನೇ ವಾರ, ಅಂದರೆ ನೀವು ಹಾಸನದಲ್ಲಿರುವ ಹೊತ್ತಿಗೇ. ಡಿಸೆಂಬರ್‌ನಲ್ಲಿ ಭಾನುವಾರದ ಮೊದಲ ಪಂದ್ಯಗಳು ನಮ್ಮ ಊರ ಗಡಿಯಾರದಲ್ಲಿ ರಾತ್ರಿ 11.30ಕ್ಕೆ, ಆಡದವರ ಪಟ್ಟಿ ಹತ್ತು ಗಂಟೆಗೆ. ಗುರುವಾರದ ಪಂದ್ಯ ಶುಕ್ರವಾರ ಬೆಳಗ್ಗೆ 6.45ಕ್ಕೆ, ಅದಕ್ಕೆ ಗುರುವಾರ ಮಲಗುವ ಮುಂಚೆಯೇ ತಂಡ ಸರಿಮಾಡಿಡಿ. ವರ್ಷದ ಕೊನೆಗೆ ಶನಿವಾರವೂ ಪಂದ್ಯಗಳಿರುತ್ತವೆ, ಕ್ರಿಸ್ಮಸ್ ದಿನವೂ. 2024ರಲ್ಲಿ 17ನೇ ವಾರದ ಎರಡು ಪಂದ್ಯಗಳು ಬುಧವಾರವೇ ನಡೆದವು, ಭಾನುವಾರದ ಅಭ್ಯಾಸದಲ್ಲಿದ್ದವರು ಖಾಲಿ ಜಾಗ ಬಿಟ್ಟು ಫೈನಲ್ ಆಡಿದರು. ಹೊರಡುವ ಮುಂಚೆ ಆ ಮೂರು ವಾರಗಳ ವೇಳಾಪಟ್ಟಿ ಬರೆದುಕೊಂಡು ಫೋನಿನಲ್ಲಿ ಅಲಾರಂ ಇಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಸಹ ಮ್ಯಾನೇಜರ್ ಸೇರಿಸುವ ಸೌಕರ್ಯವಿದೆ. ಲೀಗ್‌ನಲ್ಲಿಲ್ಲದ ಒಬ್ಬ ಸ್ನೇಹಿತನನ್ನು ಸೇರಿಸಿ, ಯಾರು ಬಿದ್ದರೆ ಯಾರು ಎಂದು ಎರಡು ಸಾಲು ಬರೆದುಕೊಡಿ. ದೇವರಸಮಾರಾಧನೆಯ ದಿನ ಮತ್ತು ಧಾರೆಯ ದಿನ ಫೋನ್ ಅವನ ಕೈಯಲ್ಲಿರಲಿ.